ಫ್ಲೈಟ್ ಪ್ಲಾನ್ ಸಲ್ಲಿಸುವ ಮುಂಚೆ ಏನೇನು ಓದಬೇಕು, ಫಾರ್ಮಿನಲ್ಲಿ ಏನು ಬರೆಯಬೇಕು: ವಿದ್ಯಾರ್ಥಿ ಪೈಲಟ್‌ಗಳಿಗೆ ಮಾರ್ಗದರ್ಶಿ

ಫ್ಲೈಯಿಂಗ್ ಸ್ಕೂಲ್ ಸೇರಿ ಕೆಲವು ತಿಂಗಳಾದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಫ್ಲೈಟ್ ಪ್ಲಾನ್ ಫಾರ್ಮ್ ತುಂಬೋದು ಹೇಗೆ?" ಫ್ಲೈಟ್ ಪ್ಲಾನ್ ಅಂದರೆ ಎಲ್ಲಿಂದ ಎಲ್ಲಿಗೆ, ಯಾವಾಗ, ಯಾವ ದಾರಿಯಲ್ಲಿ ಹಾರುತ್ತೀರಿ ಅಂತ ಎಟಿಸಿಗೆ, ಅಂದರೆ ವಿಮಾನ ಸಂಚಾರ ನಿಯಂತ್ರಿಸುವವರಿಗೆ, ಮುಂಚೆಯೇ ಕೊಡುವ ವಿವರ. ನಿಲ್ದಾಣದ ಸುತ್ತಲೇ ಸುತ್ತಿ ಇಳಿಯುವ ಸರ್ಕೀಟ್ ಹಾರಾಟ ಮುಗಿದಿರುತ್ತದೆ, ಮೊದಲ ಸೋಲೊ, ಅಂದರೆ ಒಬ್ಬರೇ ಹಾರುವುದು, ಆಗಿರುತ್ತದೆ. ಮುಂದಿನದು ಕ್ರಾಸ್ ಕಂಟ್ರಿ, ಅಂದರೆ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗುವ ಹಾರಾಟ. ಪಿಪಿಎಲ್‌ಗೆ, ಅಂದರೆ ಖಾಸಗಿ ಪೈಲಟ್ ಲೈಸೆನ್ಸ್‌ಗೆ, ಕನಿಷ್ಠ 150 ನಾಟಿಕಲ್ ಮೈಲಿಯ ಒಂದು ಸೋಲೊ ಕ್ರಾಸ್ ಕಂಟ್ರಿ ಬೇಕು. ಸಿಪಿಎಲ್‌ಗೆ, ಅಂದರೆ ವಾಣಿಜ್ಯ ಪೈಲಟ್ ಲೈಸೆನ್ಸ್‌ಗೆ, 300 ನಾಟಿಕಲ್ ಮೈಲಿಯದು ಬೇಕು. ಎರಡರಲ್ಲೂ ಬೇರೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ಪೂರ್ತಿ ನಿಲ್ಲಿಸಬೇಕು. ಅಲ್ಲಿಯವರೆಗೆ ಇನ್‌ಸ್ಟ್ರಕ್ಟರೋ ಡಿಸ್ಪ್ಯಾಚ್‌ನವರೋ ನೋಡಿಕೊಳ್ಳುತ್ತಿದ್ದ ಫಾರ್ಮ್ ಈಗ ನಿಮ್ಮ ಕೈಗೆ ಬರುತ್ತದೆ.

ಫಾರ್ಮ್ ತುಂಬುವುದು ಬೇಗ ಮುಗಿಯುವ ಕೆಲಸ. ಅದಕ್ಕೆ ಮುಂಚಿನ ಓದೇ ನಿಜವಾದ ಕೆಲಸ. ತುಂಬಾ ಜನ ಇದನ್ನು ತಲೆಕೆಳಗೆ ಮಾಡುತ್ತಾರೆ. ಮೊದಲು ಹಳೆಯ ಫಾರ್ಮ್ ನೋಡಿ ನಕಲು ಮಾಡುತ್ತಾರೆ, ಸಮಯ ಉಳಿದರೆ ನೋಟಮ್, ಅಂದರೆ ಹಾರಾಟದ ತುರ್ತು ಸೂಚನೆ, ನೋಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎತ್ತರ, ಹೊರಡುವ ಹೊತ್ತು, ಬದಲಿ ನಿಲ್ದಾಣ, ಎಷ್ಟು ಇಂಧನ ಅನ್ನುವ ಎಲ್ಲ ತೀರ್ಮಾನಗಳೂ ಓದಿನಿಂದ ಬರಬೇಕು. ಫಾರ್ಮ್ ಆ ತೀರ್ಮಾನಗಳನ್ನು ಬರೆದಿಡುವ ಜಾಗ, ಅಷ್ಟೇ.

ಈ ಲೇಖನದ ಉದ್ದಕ್ಕೂ ಒಂದೇ ಹಾರಾಟವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬೆಳಗಾವಿಯ ಸಾಂಬ್ರಾದಿಂದ ಹುಬ್ಬಳ್ಳಿಗೆ, ಸೆಸ್ನಾ 172ರಲ್ಲಿ, 2026ರ ಮಾರ್ಚ್ 10ರ ಬೆಳಗ್ಗೆ 7.30ಕ್ಕೆ. ದೂರ ಸುಮಾರು 40 ನಾಟಿಕಲ್ ಮೈಲಿ, ದಿಕ್ಕು ಆಗ್ನೇಯ, ಸುಮಾರು 138 ಡಿಗ್ರಿ. ಲೈಸೆನ್ಸ್‌ಗೆ ಬೇಕಾದ ಉದ್ದದ ಹಾರಾಟ ಇದಲ್ಲ, ಆದರೆ ಕಲಿಯಲು ಸಾಕು.

ಇನ್ನೊಂದು ಮಾತು. ಸಂಕೇತಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಫಾರ್ಮಿನಲ್ಲಿ ಅವು ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಇರಬೇಕು.

ಮೊದಲು ಕೈಗೆ ಬೇಕಾದವು

ಎಐಪಿ ಅಂದರೆ ದೇಶದ ವಾಯುಯಾನ ಮಾಹಿತಿಯ ಅಧಿಕೃತ ಪುಸ್ತಕ. ನಮ್ಮಲ್ಲಿ ಇದನ್ನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ, ಅಂದರೆ ಎಎಐ, ಪ್ರಕಟಿಸುತ್ತದೆ. ಇದರ ಇ-ಎಐಪಿ ಎಎಐನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಇದರಲ್ಲಿ ಮೂರು ಭಾಗ: ಸಾಮಾನ್ಯ ವಿಷಯಗಳಿಗೆ ಜೆನ್, ದಾರಿಯ ನಿಯಮಗಳಿಗೆ ಇಎನ್ಆರ್, ನಿಲ್ದಾಣಗಳಿಗೆ ಎಡಿ. ಫ್ಲೈಟ್ ಪ್ಲಾನ್ ನಿಯಮಗಳು ಇಎನ್ಆರ್ 1.10ರಲ್ಲಿವೆ. ವಿಎಫ್ಆರ್ ನಿಯಮಗಳು, ಅಂದರೆ ಕಣ್ಣಿಗೆ ಕಾಣುವುದನ್ನು ನೋಡಿಕೊಂಡು ಹಾರುವಾಗಿನ ನಿಯಮಗಳು, ಇಎನ್ಆರ್ 1.2ರಲ್ಲಿವೆ. ನಾನಿಲ್ಲಿ ಹೇಳಿದ್ದಕ್ಕೂ ಅಲ್ಲಿರುವುದಕ್ಕೂ ವ್ಯತ್ಯಾಸ ಕಂಡರೆ ಎಐಪಿಯ ಮಾತೇ ಸರಿ.

ಇದಲ್ಲದೆ ನಕ್ಷೆ, ಅದರ ಮೇಲೆ ದಿಕ್ಕು ಮತ್ತು ದೂರ ಅಳೆಯುವ ಪ್ಲಾಟರ್, ವಿಮಾನದ ಪಿಒಹೆಚ್ ಅಂದರೆ ತಯಾರಕರ ಕೈಪಿಡಿ, ಅವತ್ತಿನ ನೋಟಮ್ ಮತ್ತು ಹವಾಮಾನ ವರದಿ ಬೇಕು. ಹಾಗೆಯೇ ಇನ್‌ಸ್ಟ್ರಕ್ಟರ್ ಒಪ್ಪಿಗೆ. ವಿದ್ಯಾರ್ಥಿ ಲೈಸೆನ್ಸ್ ಇರುವವರು ಇನ್‌ಸ್ಟ್ರಕ್ಟರ್ ಅಧಿಕಾರ ಕೊಟ್ಟ ಮೇಲೆ, ಅವರ ಮೇಲ್ವಿಚಾರಣೆಯಲ್ಲೇ ಸೋಲೊ ಹಾರಬೇಕು. ಪ್ಲಾನ್ ಸಲ್ಲಿಸಿದ ಮಾತ್ರಕ್ಕೆ ಆ ಒಪ್ಪಿಗೆ ಸಿಕ್ಕಂತಲ್ಲ.

1. ಇಳಿಯುವ ನಿಲ್ದಾಣದ ಪುಟ ಓದಿ

ಎಐಪಿಯಲ್ಲಿ ಪ್ರತಿ ನಿಲ್ದಾಣಕ್ಕೂ ಎಡಿ 2 ಎಂಬ ಭಾಗವಿದೆ. ಹುಬ್ಬಳ್ಳಿಯ ಸಂಕೇತ ವಿಒಎಚ್‌ಬಿ, ಬೆಳಗಾವಿಯದು ವಿಒಬಿಎಂ. ಹಳೆಯ ಪುಸ್ತಕಗಳಲ್ಲಿ ಈ ಎರಡೂ 'ವಿಎ'ಯಿಂದ ಶುರುವಾಗುತ್ತವೆ. ಸೀನಿಯರ್‌ಗಳ ನೋಟ್ಸ್ ನೋಡಿ ಬರೆಯುವವರು ಇಲ್ಲೇ ಎಡವುತ್ತಾರೆ.

ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ಐದು ಕಡೆ ಕಣ್ಣಾಡಿಸಿ. 2.3ರಲ್ಲಿ ನಿಲ್ದಾಣ ಕೆಲಸ ಮಾಡುವ ಸಮಯ ಇರುತ್ತದೆ, ಅದನ್ನು ವಾಚ್ ಅವರ್ಸ್ ಅನ್ನುತ್ತಾರೆ. ಚಿಕ್ಕ ನಿಲ್ದಾಣಗಳಲ್ಲಿ ಎಟಿಸಿ ದಿನವಿಡೀ ಇರುವುದಿಲ್ಲ. 2.4ರಲ್ಲಿ ಯಾವ ಇಂಧನ ಸಿಗುತ್ತದೆ ಅಂತ ಇರುತ್ತದೆ. ಇದನ್ನು ಖಂಡಿತ ನೋಡಿ. ದೊಡ್ಡ ವಿಮಾನಗಳು ಬರುವ ನಿಲ್ದಾಣದಲ್ಲಿ ಜೆಟ್ ಎ-1 ಇರುತ್ತದೆ, ನಿಮ್ಮ ಪಿಸ್ಟನ್ ಎಂಜಿನ್‌ಗೆ ಬೇಕಾದ ಅವ್‌ಗ್ಯಾಸ್ ಇರಲೇಬೇಕು ಅಂತಿಲ್ಲ. ಅಲ್ಲಿ ತುಂಬಿಸಿಕೊಂಡರಾಯಿತು ಅಂದುಕೊಂಡು ಹೋದರೆ ವಿಮಾನ ಅಲ್ಲೇ ನಿಲ್ಲುತ್ತದೆ. 2.12ರಲ್ಲಿ ರನ್‌ವೇ ಉದ್ದ ಮತ್ತು ದಿಕ್ಕು, 2.18ರಲ್ಲಿ ರೇಡಿಯೊ ಫ್ರೀಕ್ವೆನ್ಸಿ, 2.20ರಲ್ಲಿ ಸ್ಥಳೀಯ ನಿಯಮಗಳು ಇರುತ್ತವೆ.

ನೀವು ಓದುತ್ತಿರುವ ಪುಟ ಹೊಸದೇ ಅಂತಲೂ ನೋಡಿ. ಎಐಪಿಯ ಮುಖ್ಯ ಬದಲಾವಣೆಗಳು ಐರ್ಯಾಕ್ ಎಂಬ ವೇಳಾಪಟ್ಟಿಯ ಪ್ರಕಾರ, 28 ದಿನಕ್ಕೊಮ್ಮೆ, ಗುರುವಾರವೇ ಜಾರಿಗೆ ಬರುತ್ತವೆ. ಜಗತ್ತಿಗೆಲ್ಲ ಅದೇ ದಿನ. ಹಾಗಾಗಿ ಫೋನಿನಲ್ಲಿ ಮೂರು ತಿಂಗಳ ಹಿಂದೆ ಇಳಿಸಿಕೊಂಡ ಪಿಡಿಎಫ್ ನಂಬಬೇಡಿ.

2. ನೋಟಮ್ ಓದಿ, ಪೂರ್ತಿ ಓದಿ

ನೋಟಮ್ ಅಂದರೆ ಹಾರಾಟಕ್ಕೆ ಸಂಬಂಧಿಸಿದ ತುರ್ತು ಅಥವಾ ತಾತ್ಕಾಲಿಕ ಸೂಚನೆ. ರನ್‌ವೇ ಮುಚ್ಚಿದೆ, ದೀಪ ಕೆಟ್ಟಿದೆ, ದಿಕ್ಕು ತಿಳಿಸುವ ರೇಡಿಯೊ ಕೇಂದ್ರವಾದ ವಿಒಆರ್ ಕೆಲಸ ಮಾಡುತ್ತಿಲ್ಲ, ರನ್‌ವೇ ಹತ್ತಿರ ಕ್ರೇನ್ ನಿಂತಿದೆ, ಇಂಥ ಆಕಾಶದ ತುಂಡಿಗೆ ಇಂತಿಷ್ಟು ಹೊತ್ತು ಹೋಗಬೇಡಿ ಎಂಬಂಥವು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರುವ ತಾತ್ಕಾಲಿಕ ಬದಲಾವಣೆಗಳಿಗೆ ನೋಟಮ್ ಬದಲು ಎಐಪಿ ಸಪ್ಲಿಮೆಂಟ್ ಬರುತ್ತದೆ. ಆದ್ದರಿಂದ "ನೋಟಮ್ ಇಲ್ಲ, ಏನೂ ತೊಂದರೆ ಇಲ್ಲ" ಅನ್ನುವ ಹಾಗಿಲ್ಲ. ಸಪ್ಲಿಮೆಂಟ್ ಪಟ್ಟಿಯನ್ನೂ ನೋಡಬೇಕು.

ನೋಟಮ್‌ನ ಮೊದಲ ಸಾಲಿನಲ್ಲಿ ಕ್ಯೂ ಅಕ್ಷರದಿಂದ ಶುರುವಾಗುವ ಸಂಕೇತವಿರುತ್ತದೆ. ಅದು ಕಂಪ್ಯೂಟರ್ ವಿಂಗಡಣೆಗೆ. ನೀವು ನೋಡಬೇಕಾದದ್ದು ಅದರ ಕೆಳಗಿನ ಅಕ್ಷರಗಳನ್ನು. 'ಎ' ಅಂದರೆ ಜಾಗ. 'ಬಿ' ಶುರುವಾಗುವ ಸಮಯ, 'ಸಿ' ಮುಗಿಯುವ ಸಮಯ. 'ಡಿ' ಇದ್ದರೆ ಅದು ದಿನದ ವೇಳಾಪಟ್ಟಿ. 'ಇ'ಯಲ್ಲಿ ವಿಷಯ. 'ಎಫ್' ಮತ್ತು 'ಜಿ'ಯಲ್ಲಿ ಕೆಳಗಿನ ಮತ್ತು ಮೇಲಿನ ಎತ್ತರದ ಮಿತಿ.

ಈಗ ಒಂದು ಕಲ್ಪಿತ ನೋಟಮ್ ನೋಡೋಣ. 'ಎ'ಯಲ್ಲಿ ವಿಒಎಚ್‌ಬಿ. 'ಬಿ'ಯಲ್ಲಿ 2603100230. 'ಸಿ'ಯಲ್ಲಿ 2603100530. 'ಇ'ಯಲ್ಲಿ "ರನ್‌ವೇ 08/26 ಕ್ಲೋಸ್ಡ್".

ಹತ್ತು ಅಂಕಿಗಳನ್ನು ಎರಡೆರಡಾಗಿ ಒಡೆಯಿರಿ: 26ನೇ ಇಸವಿ, 03ನೇ ತಿಂಗಳು, 10ನೇ ತಾರೀಖು, 02 ಗಂಟೆ, 30 ನಿಮಿಷ. ಅವಸರದಲ್ಲಿ ಓದಿದವರು, "ಬೆಳಗಿನ ಜಾವ ಎರಡೂವರೆಯಿಂದ ಐದೂವರೆ ತನಕ ಮುಚ್ಚಿರುತ್ತೆ, ನಾನು ಹೊರಡೋದೇ ಏಳೂವರೆಗೆ" ಅಂದುಕೊಳ್ಳುತ್ತಾರೆ. ಆದರೆ ನೋಟಮ್ ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಇರುತ್ತದೆ. ನಮ್ಮ ಸಮಯಕ್ಕೆ ಬರಲು ಐದೂವರೆ ಗಂಟೆ ಕೂಡಿಸಬೇಕು. ಅಂದರೆ ರನ್‌ವೇ ಮುಚ್ಚುವುದು ಬೆಳಗ್ಗೆ 8ಕ್ಕೆ, ತೆರೆಯುವುದು 11ಕ್ಕೆ. ನೀವು 7.30ಕ್ಕೆ ಹೊರಟರೆ ಹುಬ್ಬಳ್ಳಿ ಮೇಲೆ ಬರುವುದು ಸರಿಯಾಗಿ ಎಂಟಕ್ಕೇ! ಇಂಥ ನೋಟಮ್ ಇದ್ದರೆ ಬೇಗ ಹೊರಡಬೇಕು, ಇಲ್ಲವೇ ಹನ್ನೊಂದರ ಮೇಲೆ ತಲುಪುವಂತೆ ಹೊರಡಬೇಕು. ಇದು ನೆಲದ ಮೇಲಿದ್ದಾಗಲೇ ಮಾಡಬೇಕಾದ ತೀರ್ಮಾನ ಅಲ್ವಾ?

ಇನ್ನೂ ಮೂರು ಕಡೆ ಹುಷಾರಾಗಿರಿ.

'ಬಿ'ಯಿಂದ 'ಸಿ' ತನಕ ಹತ್ತು ದಿನ ಅಂತಿದ್ದು, 'ಡಿ'ಯಲ್ಲಿ "ಡೈಲಿ 0230-0530" ಅಂತಿದ್ದರೆ, ಹತ್ತು ದಿನವೂ ಆ ಹೊತ್ತಿಗೆ ಮಾತ್ರ ಮುಚ್ಚಿರುತ್ತದೆ. 'ಡಿ' ಬಿಟ್ಟು ಓದಿದವರು ಹಾರಾಟವನ್ನೇ ರದ್ದು ಮಾಡಿ ಕೂರುತ್ತಾರೆ.

'ಸಿ'ಯ ಸಮಯದ ಪಕ್ಕ 'ಇಎಸ್‌ಟಿ' ಅಂತಿದ್ದರೆ ಅದು ಅಂದಾಜು. ಆ ಹೊತ್ತು ಕಳೆದ ತಕ್ಷಣ ನೋಟಮ್ ಮುಗಿಯಿತು ಅಂತಲ್ಲ. ಅದನ್ನು ರದ್ದು ಮಾಡುವ ಅಥವಾ ಅದರ ಬದಲು ಬರುವ ಇನ್ನೊಂದು ನೋಟಮ್ ಬರಬೇಕು. 'ಪರ್ಮ್' ಅಂತಿದ್ದರೆ ಬದಲಾವಣೆ ಶಾಶ್ವತ, ಮುಂದೆ ಎಐಪಿಗೆ ಸೇರುತ್ತದೆ.

ಮೂರನೆಯದು, ಬರೀ ಹೊರಡುವ ಮತ್ತು ಇಳಿಯುವ ನಿಲ್ದಾಣದ ನೋಟಮ್ ನೋಡಿ ಬಿಡುವುದು. ಬದಲಿ ನಿಲ್ದಾಣದ್ದೂ ಬೇಕು, ದಾರಿಯಲ್ಲಿ ಬರುವ ಎಫ್‌ಐಆರ್‌ನದೂ ಬೇಕು. ಎಫ್‌ಐಆರ್ ಅಂದರೆ ವಿಮಾನಗಳಿಗೆ ಮಾಹಿತಿ ಕೊಡುವ ಹೊಣೆಗಾಗಿ ಆಕಾಶವನ್ನು ಹಂಚಿದ ದೊಡ್ಡ ವಲಯ. ಭಾರತದಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಅಂತ ನಾಲ್ಕಿವೆ. ಬೆಂಗಳೂರು ಸುತ್ತ ಕಲಿಯುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ, 2025ರಲ್ಲಿ ಫೆಬ್ರವರಿ 10ರಿಂದ 14ರವರೆಗೆ ನಡೆದ ಹಾಗೆ, ಸುತ್ತಲಿನ ಆಕಾಶ ದಿನದ ಕೆಲವು ಹೊತ್ತು ಮುಚ್ಚಿರುತ್ತದೆ. ಪ್ರದರ್ಶನಕ್ಕೆ ಮುಂಚಿನ ತಾಲೀಮಿನ ದಿನಗಳಲ್ಲೂ ನೋಟಮ್ ನೋಡಿಕೊಳ್ಳಬೇಕು.

ನಿಮ್ಮ ದಾರಿಯ ಮೇಲೋ ಪಕ್ಕದಲ್ಲೋ ನಿಷೇಧಿತ, ನಿರ್ಬಂಧಿತ ಅಥವಾ ಅಪಾಯದ ಪ್ರದೇಶ ಇದೆಯಾ ಅಂತಲೂ ನೋಡಿ. ಅವುಗಳ ಹೆಸರಿನಲ್ಲಿ ಕ್ರಮವಾಗಿ ಪಿ, ಆರ್, ಡಿ ಅಕ್ಷರ ಇರುತ್ತದೆ. ಪಟ್ಟಿ ಎಐಪಿಯ ಇಎನ್ಆರ್ 5.1ರಲ್ಲಿದೆ. ನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.

3. ಹವಾಮಾನ

ಇದಕ್ಕೆ ಪ್ರತ್ಯೇಕ ಲೇಖನವೇ ಬೇಕು, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಮೆಟಾರ್ ಅಂದರೆ ಈಗಿನ ಹವಾಮಾನ, ಟಾಫ್ ಅಂದರೆ ಮುಂದಿನ ಕೆಲವು ಗಂಟೆಗಳ ಮುನ್ಸೂಚನೆ. ಹವಾಮಾನ ಇಲಾಖೆಯ ಆನ್‌ಲೈನ್ ಬ್ರೀಫಿಂಗ್ ವ್ಯವಸ್ಥೆಯಲ್ಲಿ ಇವು ಸಿಗುತ್ತವೆ. 10,000 ಅಡಿಗಿಂತ ಕೆಳಗೆ ವಿಎಫ್ಆರ್ ಹಾರಾಟಕ್ಕೆ ಕನಿಷ್ಠ 5 ಕಿ.ಮೀ. ದೂರ ಕಾಣಬೇಕು. ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲೆ ಕೆಳಗೆ 1,000 ಅಡಿ ದೂರ ಇರಬೇಕು. ಕಂಟ್ರೋಲ್ ಜೋನ್, ಅಂದರೆ ನಿಲ್ದಾಣದ ಸುತ್ತ ಎಟಿಸಿ ನಿಯಂತ್ರಿಸುವ ಆಕಾಶದ ಒಳಗೆ ಏರಲು ಇಳಿಯಲು ಮೋಡದ ತಳ 1,500 ಅಡಿಗಿಂತ ಕೆಳಗಿರಬಾರದು. ಸೂರ್ಯ ಮುಳುಗಿದ ಮೇಲೆ ಹುಟ್ಟುವ ತನಕ ನಮ್ಮಲ್ಲಿ ವಿಎಫ್ಆರ್ ಇಲ್ಲ. ಎಟಿಸಿ ಒಪ್ಪಿದ ಸ್ಥಳೀಯ ಮತ್ತು ತರಬೇತಿ ಹಾರಾಟಕ್ಕೆ ಮಾತ್ರ ವಿನಾಯಿತಿ ಉಂಟು. ಮಧ್ಯಾಹ್ನ ತಡವಾಗಿ ಹೊರಡುವವರು ವಾಪಸ್ ಬರುವ ಹೊತ್ತನ್ನು ಲೆಕ್ಕ ಹಾಕಿಕೊಂಡೇ ಹೊರಡಬೇಕು.

4. ಎತ್ತರ ಮತ್ತು ಸಮಯದ ಲೆಕ್ಕ

ನೆಲದಿಂದ 3,000 ಅಡಿಗಿಂತ ಮೇಲೆ ಸಮಮಟ್ಟದಲ್ಲಿ ಹಾರುವಾಗ ಅರ್ಧವೃತ್ತ ನಿಯಮ ಪಾಲಿಸಬೇಕು. ಕಾಂತೀಯ ದಿಕ್ಕು 000ರಿಂದ 179 ಡಿಗ್ರಿ ಇದ್ದರೆ ಬೆಸ ಸಾವಿರಕ್ಕೆ 500 ಸೇರಿಸಿ: 3,500, 5,500, 7,500. ದಿಕ್ಕು 180ರಿಂದ 359 ಇದ್ದರೆ ಸಮ ಸಾವಿರಕ್ಕೆ 500 ಸೇರಿಸಿ: 4,500, 6,500, 8,500. ಎದುರು ಬದುರು ಬರುವ ವಿಮಾನಗಳು ಒಂದೇ ಎತ್ತರದಲ್ಲಿ ಇರಬಾರದು, ಅದಕ್ಕೇ ಈ ನಿಯಮ.

ಬೆಳಗಾವಿ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಹೋಗುವಾಗ 138 ಡಿಗ್ರಿ, ಅಂದರೆ ಬೆಸ. 3,500 ತೀರಾ ಕೆಳಗಾಯಿತು. ಫ್ಲೈಟ್ ಲೆವೆಲ್ 055, ಅಂದರೆ ಎತ್ತರಮಾಪಕವನ್ನು ಪ್ರಮಾಣಿತ ಒತ್ತಡಕ್ಕೆ ಹೊಂದಿಸಿದಾಗ ಅದು ತೋರಿಸುವ 5,500 ಅಡಿ, ಸರಿ. ವಾಪಸ್ ಬರುವಾಗ 318 ಡಿಗ್ರಿ, ಆಗ 065. ಹೋಗುವಾಗಿನ ಎತ್ತರವನ್ನೇ ವಾಪಸ್ ಪ್ಲಾನ್‌ನಲ್ಲೂ ಬರೆಯುವುದು ತುಂಬಾ ಸಾಮಾನ್ಯವಾದ ತಪ್ಪು. ಎಟಿಸಿಯವರು ಹಿಡಿಯುತ್ತಾರೆ ಅಂತ ಕೂರಬೇಡಿ, ನೀವೇ ಹಿಡಿಯಿರಿ.

40 ಮೈಲಿಗೆ 100 ನಾಟ್ ವೇಗದಲ್ಲಿ 24 ನಿಮಿಷ. ಏರುವ ಹೊತ್ತು ಮತ್ತು ಗಾಳಿ ಸೇರಿಸಿ 30 ನಿಮಿಷ ಅಂತ ಇಟ್ಟುಕೊಳ್ಳೋಣ. ದಾರಿಯಲ್ಲಿ ಗುರುತಿಗೆ ಹೆದ್ದಾರಿ ಇದೆ, ಎಂ.ಕೆ. ಹುಬ್ಬಳ್ಳಿ ಹತ್ತಿರ ಮಲಪ್ರಭಾ ಸೇತುವೆ ಇದೆ, ಮುಂದೆ ಕಿತ್ತೂರು. ಪ್ರತಿ ಗುರುತಿಗೂ ಎಷ್ಟು ಹೊತ್ತಿಗೆ ಬರಬೇಕು ಅಂತ ಬರೆದುಕೊಳ್ಳಿ.

5. ಫಾರ್ಮ್ ತುಂಬಿ

ಈ ಫಾರ್ಮ್ ಜಗತ್ತಿಗೆಲ್ಲ ಒಂದೇ. ಐಕಾವೊ ಅಂದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ದಾಖಲೆ 4444ರಲ್ಲಿ ಇದರ ನಮೂನೆ ಇದೆ. ಈಗಿನ ರೂಪ 2012ರ ನವೆಂಬರ್ 15ರಿಂದ ಜಾರಿಯಲ್ಲಿದೆ. ಕಾಲಂಗಳನ್ನು ಐಟಂ ಅನ್ನುತ್ತಾರೆ. ನೀವು ತುಂಬುವುದು 7ರಿಂದ ಶುರುವಾಗುತ್ತದೆ, ನಡುವೆ ಕೆಲವು ಸಂಖ್ಯೆಗಳೇ ಇಲ್ಲ. ಗಾಬರಿಯಾಗಬೇಡಿ.

ಐಟಂ 7: ವಿಮಾನದ ಗುರುತು. ವಿಮಾನದ ಮೇಲೆ 'ವಿಟಿ' ಆದ ಮೇಲೆ ಅಡ್ಡಗೆರೆ ಇರುತ್ತದೆ. ಫಾರ್ಮಿನಲ್ಲಿ ಅಡ್ಡಗೆರೆ ಬೇಡ, ಐದು ಅಕ್ಷರ ಒಟ್ಟಿಗೆ.

ಐಟಂ 8: ವಿಎಫ್ಆರ್‌ಗೆ 'ವಿ', ತರಬೇತಿ ವಿಮಾನಕ್ಕೆ ಸಾಮಾನ್ಯವಾಗಿ 'ಜಿ' ಅಂದರೆ ಜನರಲ್ ಏವಿಯೇಷನ್.

ಐಟಂ 9: ವಿಮಾನದ ಮಾದರಿ ಮತ್ತು ಅದು ಹಿಂದೆ ಬಿಡುವ ಗಾಳಿಸುಳಿಯ ವರ್ಗ. 'ಸಿ172' ಮತ್ತು 'ಎಲ್'. ಎಲ್ ಅಂದರೆ 7,000 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕ. 'ಸಿ172ಆರ್', 'ಸಿ172ಎಸ್' ಅಂತ ಬರೆಯಬೇಡಿ, ಮಾದರಿ ಸಂಕೇತ ನಾಲ್ಕು ಅಕ್ಷರ ಮೀರುವಂತಿಲ್ಲ.

ಐಟಂ 10: ವಿಮಾನದಲ್ಲಿರುವ ಉಪಕರಣ. ಇಲ್ಲಿ ಸ್ವಲ್ಪ ನಿಲ್ಲಬೇಕು. 'ಎಸ್' ಅಂದರೆ ಮಾತಾಡುವ ವಿಎಚ್‌ಎಫ್ ರೇಡಿಯೊ, ವಿಒಆರ್, ರನ್‌ವೇಗೆ ಇಳಿಯಲು ದಾರಿ ತೋರುವ ಐಎಲ್ಎಸ್ ಮೂರೂ ಇವೆ ಅಂತ. 2012ಕ್ಕಿಂತ ಮುಂಚೆ, ರೇಡಿಯೊ ಕೇಂದ್ರ ಯಾವ ದಿಕ್ಕಿಗಿದೆ ಅಂತ ತೋರಿಸುವ ಎಡಿಎಫ್ ಕೂಡ ಇದರಲ್ಲಿ ಸೇರಿತ್ತು, ಈಗಿಲ್ಲ. ಎಡಿಎಫ್‌ಗೆ 'ಎಫ್', ದೂರ ಅಳೆಯುವ ಡಿಎಂಇಗೆ 'ಡಿ', ಜಿಪಿಎಸ್‌ಗೆ 'ಜಿ' ಬೇರೆಯಾಗಿ ಬರೆಯಬೇಕು. ಓರೆಗೆರೆಯ ಆಚೆ ಟ್ರಾನ್ಸ್‌ಪಾಂಡರ್, ಅಂದರೆ ರೇಡಾರ್‌ಗೆ ಉತ್ತರ ಕೊಡುವ ಉಪಕರಣ. ಎತ್ತರವನ್ನೂ ತಿಳಿಸುವ ಮಾಮೂಲಿ ಮಾದರಿಗೆ 'ಸಿ', ಇಲ್ಲದಿದ್ದರೆ 'ಎನ್'. ನೆನಪಿಡಿ, ಪ್ಯಾನೆಲ್‌ನಲ್ಲಿ ಇದ್ದರೆ ಸಾಲದು, ಅವತ್ತು ಕೆಲಸ ಮಾಡುತ್ತಿರಬೇಕು, ಅದನ್ನು ಬಳಸಲು ನಿಮಗೆ ಬರಬೇಕು. ಹೊರಡುವ ಮುಂಚೆ ವಿಮಾನದ ಟೆಕ್ ಲಾಗ್ ನೋಡಿ. ಐಎಲ್ಎಸ್ ಕೆಟ್ಟಿದೆ ಅಂತ ಅಲ್ಲಿ ಬರೆದಿದ್ದರೆ 'ಎಸ್' ಹಾಕುವಂತಿಲ್ಲ, ಕೆಲಸ ಮಾಡುವವನ್ನು ಬಿಡಿಯಾಗಿ ಬರೆಯಬೇಕು: ರೇಡಿಯೊಗೆ 'ವಿ', ವಿಒಆರ್‌ಗೆ 'ಒ'.

ಐಟಂ 13: ಹೊರಡುವ ನಿಲ್ದಾಣ ಮತ್ತು ಸಮಯ. ವಿಒಬಿಎಂ0200. ಬೆಳಗ್ಗೆ 7.30 ಅಂದರೆ ಯುಟಿಸಿಯಲ್ಲಿ 0200. ಈ ಸಮಯ ಪಾರ್ಕಿಂಗ್ ಜಾಗದಿಂದ ವಿಮಾನ ಕದಲುವ ಹೊತ್ತು, ರನ್‌ವೇ ಬಿಟ್ಟು ಏಳುವ ಹೊತ್ತಲ್ಲ. ಬೆಳಗ್ಗೆ 5.30ಕ್ಕೆ ಮುಂಚೆ ಹೊರಡುವುದಾದರೆ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನದ ತಾರೀಖು ಇರುತ್ತದೆ.

ಐಟಂ 15: ವೇಗ, ಎತ್ತರ, ದಾರಿ. ವೇಗಕ್ಕೆ ನಾಲ್ಕು ಅಂಕಿ: ಎನ್0100. ಎತ್ತರ: ಎಫ್055. ಫ್ಲೈಟ್ ಲೆವೆಲ್ ಅಲ್ಲದೆ ಸಮುದ್ರಮಟ್ಟದಿಂದ ಅಳೆದ ಎತ್ತರ ಆದರೆ 'ಎ' ಬರೆಯಬೇಕು, 3,500 ಅಡಿಗೆ ಎ035. ದಾರಿಯಲ್ಲಿ 'ಡಿಸಿಟಿ' ಅಂದರೆ ನೇರ. ಹೆಸರಿನ ಬಿಂದು ಇಲ್ಲದ ಕಡೆ ಅಕ್ಷಾಂಶ ರೇಖಾಂಶ ಬರೆಯಬಹುದು. ಕಿತ್ತೂರಿಗೆ 1536ಎನ್07447ಇ. ರೇಖಾಂಶಕ್ಕೆ ಐದು ಅಂಕಿ, ಮುಂದಿನ ಸೊನ್ನೆ ಬಿಡಬೇಡಿ. ಗುರುತಿಸಿದ ವಾಯುಮಾರ್ಗ ಬಿಟ್ಟು ಹೋಗುವಾಗ ಬಿಂದುಗಳ ನಡುವೆ ಸಾಮಾನ್ಯವಾಗಿ 30 ನಿಮಿಷ ಅಥವಾ 200 ನಾಟಿಕಲ್ ಮೈಲಿಗಿಂತ ಹೆಚ್ಚು ಅಂತರ ಇರಬಾರದು.

ಐಟಂ 16: ಇಳಿಯುವ ನಿಲ್ದಾಣ, ಒಟ್ಟು ಹೊತ್ತು, ಬದಲಿ ನಿಲ್ದಾಣ. ವಿಒಎಚ್‌ಬಿ0030. ವಿಎಫ್ಆರ್‌ನಲ್ಲಿ ಈ ಹೊತ್ತು ನೆಲ ಬಿಟ್ಟ ಕ್ಷಣದಿಂದ ಇಳಿಯುವ ನಿಲ್ದಾಣದ ಮೇಲೆ ಬರುವ ತನಕ. ಇದು ಗಂಟೆ ಮತ್ತು ನಿಮಿಷದ ಲೆಕ್ಕ, ತಲುಪುವ ಸಮಯವಲ್ಲ. ಇಲ್ಲಿ 0230 ಅಂತ ಬರೆದರೆ ಎರಡೂವರೆ ಗಂಟೆ ಹಾರುತ್ತೀರಿ ಅಂತಾಗುತ್ತದೆ. ಆಗ ನೀವು ಬಾರದಿದ್ದರೂ ಯಾರೂ ಎರಡು ಗಂಟೆ ಹುಡುಕುವುದಿಲ್ಲ.

ಐಟಂ 18: ಇತರ ಮಾಹಿತಿ. ತಾರೀಖಿಗೆ 'ಡಿಒಎಫ್/260310'. ಹೊರಡುವ 24 ಗಂಟೆಗಿಂತ ಮುಂಚೆ ಸಲ್ಲಿಸಿದರೆ ಇದು ಕಡ್ಡಾಯ, ಯಾವಾಗಲೂ ಬರೆಯುವುದೇ ಒಳ್ಳೆಯದು. 'ಒಪಿಆರ್/' ಆದ ಮೇಲೆ ಸ್ಕೂಲ್ ಹೆಸರು, 'ಆರ್‌ಎಂಕೆ/' ಆದ ಮೇಲೆ ತರಬೇತಿ ಹಾರಾಟ ಅಂತ. ನಾಲ್ಕಕ್ಷರದ ಸಂಕೇತವೇ ಇಲ್ಲದ ಏರ್‌ಸ್ಟ್ರಿಪ್‌ಗೆ ಹೋಗುವುದಾದರೆ ಐಟಂ 16ರಲ್ಲಿ ನಾಲ್ಕು 'ಝಡ್' ಬರೆದು, ಇಲ್ಲಿ 'ಡೆಸ್ಟ್/' ಆದ ಮೇಲೆ ಜಾಗದ ಹೆಸರು ಮತ್ತು ಸ್ಥಾನ ಕೊಡಬೇಕು. ಮಾಹಿತಿಯ ನಡುವೆ ಅಡ್ಡಗೆರೆ, ಓರೆಗೆರೆ ಹಾಕಿದರೆ ಕಂಪ್ಯೂಟರ್ ಪ್ಲಾನನ್ನೇ ತಿರಸ್ಕರಿಸಬಹುದು.

ಐಟಂ 19: ನನ್ನ ಮಟ್ಟಿಗೆ ಫಾರ್ಮಿನಲ್ಲಿ ಅತಿ ಮುಖ್ಯವಾದದ್ದು ಇದೇ, ಜನ ಅತಿ ಕಡಿಮೆ ಗಮನ ಕೊಡುವುದೂ ಇದಕ್ಕೇ. ಬೇರೆ ಐಟಂಗಳು ಸಂದೇಶವಾಗಿ ಮುಂದಿನ ನಿಲ್ದಾಣಕ್ಕೆ ಹೋಗುತ್ತವೆ. ಇದು ಸಾಮಾನ್ಯವಾಗಿ ಹೋಗುವುದಿಲ್ಲ, ಸಲ್ಲಿಸಿದ ಕಡೆಯೇ ಇರುತ್ತದೆ. ನೀವು ಕಾಣೆಯಾದರೆ ಹುಡುಕುವವರು ಮೊದಲು ಕೇಳುವುದು ಇದನ್ನೇ.

'ಇ' ಅಂದರೆ ಇಂಧನ ಎಷ್ಟು ಹೊತ್ತಿಗೆ ಸಾಕು. ನಾಲ್ಕೂವರೆ ಗಂಟೆಗೆ 0430. ಲೀಟರ್ ಬರೆಯಬೇಡಿ, ಗ್ಯಾಲನ್ ಬರೆಯಬೇಡಿ. ಟ್ಯಾಂಕ್ ತುಂಬಿದರೆ ಎಷ್ಟು ಅಂತ ಪುಸ್ತಕದಲ್ಲಿರುವುದನ್ನೂ ನಕಲು ಮಾಡಬೇಡಿ. ಅವತ್ತು ಕಡ್ಡಿ ಇಳಿಸಿ ಅಳೆದ ಇಂಧನದ ಲೆಕ್ಕವೇ ಬೇಕು. 'ಪಿ' ಅಂದರೆ ವಿಮಾನದಲ್ಲಿ ಎಷ್ಟು ಜನ. ಸೋಲೊ ಆದರೆ 1. ಇನ್‌ಸ್ಟ್ರಕ್ಟರ್ ಜೊತೆ ಹಾರಿದ ಹಳೆಯ ಡ್ಯುಯಲ್ ಫಾರ್ಮ್ ನಕಲು ಮಾಡಿ 2 ಅಂತ ಬಿಟ್ಟರೆ, ಇಲ್ಲದ ಇನ್ನೊಬ್ಬರಿಗಾಗಿ ಹುಡುಕಾಟ ನಡೆಯುತ್ತದೆ. ತುರ್ತು ರೇಡಿಯೊ, ಲೈಫ್ ಜಾಕೆಟ್, ರಬ್ಬರ್ ದೋಣಿ ಮುಂತಾದ ಚೌಕಗಳಲ್ಲಿ ಇಲ್ಲದ್ದನ್ನು ಹೊಡೆದು ಹಾಕಬೇಕು, ಇರುವುದಕ್ಕೆ ಟಿಕ್ ಹಾಕುವುದಲ್ಲ. ಇದನ್ನು ಉಲ್ಟಾ ಮಾಡುವವರೇ ಜಾಸ್ತಿ. 'ಎ'ಯಲ್ಲಿ ವಿಮಾನದ ಬಣ್ಣ. ಸುಮ್ನೆ "ಬಿಳಿ" ಅಂತ ಬರೆಯುವ ಬದಲು ಪಟ್ಟೆ, ರೆಕ್ಕೆ ತುದಿಯ ಬಣ್ಣ ಬರೆದರೆ ಮೇಲಿನಿಂದ ನೋಡುವವರಿಗೆ ಅನುಕೂಲ. 'ಸಿ'ಯಲ್ಲಿ ಪೈಲಟ್ ಇನ್ ಕಮಾಂಡ್ ಹೆಸರು. ಡ್ಯುಯಲ್‌ನಲ್ಲಿ ಅದು ಇನ್‌ಸ್ಟ್ರಕ್ಟರ್, ಸೋಲೊದಲ್ಲಿ ನೀವು.

6. ಸಲ್ಲಿಸಿ, ನಂಬರ್ ಪಡೆಯಿರಿ

ಹೊರಡುವ ಹೊತ್ತಿಗೆ ಕನಿಷ್ಠ 60 ನಿಮಿಷ ಮುಂಚೆ ಪ್ಲಾನ್ ಕೊಟ್ಟಿರಬೇಕು. 120 ಗಂಟೆ, ಅಂದರೆ ಐದು ದಿನಕ್ಕಿಂತ ಮುಂಚೆ ಕೊಡುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಬೆಳಗ್ಗೆ 6.30 ಕೊನೆಯ ಗಡುವು. ಅಷ್ಟಕ್ಕೇ ನಿಂತರೆ ಒಂದು ಅಕ್ಷರ ತಪ್ಪಿದರೂ ತಿದ್ದಲು ಸಮಯವಿರುವುದಿಲ್ಲ, ಹಿಂದಿನ ಸಂಜೆಯೇ ಕೊಟ್ಟುಬಿಡಿ. ಎಟಿಎಸ್ ರಿಪೋರ್ಟಿಂಗ್ ಆಫೀಸ್, ಅದನ್ನು ಎಆರ್‌ಒ ಅನ್ನುತ್ತಾರೆ, ಅಲ್ಲಿ ಕೊಡಬೇಕು. ಅದು ಇಲ್ಲದ ಕಡೆ ಯಾರಿಗೆ, ಹೇಗೆ ಕೊಡಬೇಕು ಅಂತ ಸ್ಕೂಲಿನ ಡಿಸ್ಪ್ಯಾಚ್‌ನಲ್ಲಿ ಕೇಳಿ. ಕೊಟ್ಟ ಮೇಲೆ ಸ್ವೀಕಾರವಾಗಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಕಳಿಸಿದ್ದೇ ಬೇರೆ, ಸ್ವೀಕಾರವಾದದ್ದೇ ಬೇರೆ.

ಭಾರತದಲ್ಲಿ ಇನ್ನೊಂದು ಮೆಟ್ಟಿಲಿದೆ. ಎಡಿಸಿ, ಅಂದರೆ ಏರ್ ಡಿಫೆನ್ಸ್ ಕ್ಲಿಯರೆನ್ಸ್. ನೀವು ಯಾರು, ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದೀರಿ ಅನ್ನುವುದು ವಾಯುರಕ್ಷಣೆ ನೋಡಿಕೊಳ್ಳುವವರಿಗೆ ಗೊತ್ತಿರಬೇಕು. ಆ ಒಪ್ಪಿಗೆ ಒಂದು ನಂಬರ್ ರೂಪದಲ್ಲಿ ಬರುತ್ತದೆ. ಜೊತೆಗೆ ಎಫ್‌ಐಸಿ, ಅಂದರೆ ಫ್ಲೈಟ್ ಇನ್ಫರ್ಮೇಷನ್ ಸೆಂಟರ್ ಕೊಡುವ ನಂಬರನ್ನೂ ಕೇಳುತ್ತಾರೆ. ಎರಡನ್ನೂ ಮೊಣಕಾಲ ಮೇಲೆ ಕಟ್ಟಿಕೊಳ್ಳುವ ನೀ-ಬೋರ್ಡ್ ಮೇಲೆ ಬರೆದುಕೊಳ್ಳಿ. ಎಟಿಸಿ ಕೇಳಿದಾಗ ಬ್ಯಾಗ್ ತಡಕಾಡುವಂತಾಗಬಾರದು.

7. ತಡವಾದರೆ

ಬೆಳಗಿನ ಮಂಜು, ವಿಮಾನದ ಚಿಕ್ಕ ರಿಪೇರಿ, ಹಿಂದಿನ ಬ್ಯಾಚ್ ವಾಪಸ್ ಬರುವುದು ತಡ. ತರಬೇತಿಯಲ್ಲಿ ಇದೆಲ್ಲ ಮಾಮೂಲಿ. 30 ನಿಮಿಷಕ್ಕಿಂತ ಹೆಚ್ಚು ತಡವಾಗುತ್ತದೆ ಅನ್ನಿಸಿದರೆ 'ಡಿಎಲ್ಎ' ಅಂದರೆ ತಡದ ಸಂದೇಶ ಕೊಡಿಸಬೇಕು. ಎಡಿಸಿಯನ್ನೂ ಮತ್ತೆ ಊರ್ಜಿತ ಮಾಡಿಸಿಕೊಳ್ಳಬೇಕು. ದಾರಿಯೋ ಎತ್ತರವೋ ಬದಲಾದರೆ 'ಸಿಎಚ್‌ಜಿ', ಹಾರಾಟವೇ ಬೇಡವಾದರೆ 'ಸಿಎನ್ಎಲ್'. ರದ್ದು ಮಾಡದೆ ಇನ್ನೊಂದು ಹೊಸ ಪ್ಲಾನ್ ಕೊಟ್ಟರೆ ಒಂದೇ ವಿಮಾನಕ್ಕೆ ಎರಡು ಪ್ಲಾನ್ ಆಗಿ ಎಲ್ಲರಿಗೂ ಗೊಂದಲ. ತಡವಾದಾಗ ನೋಟಮ್ ಮತ್ತು ಮೆಟಾರ್ ಇನ್ನೊಮ್ಮೆ ನೋಡುವುದನ್ನು ಮರೆಯಬೇಡಿ. ಮೇಲಿನ ರನ್‌ವೇ ನೋಟಮ್ ನೆನಪಿದೆ ತಾನೆ? 6.45ಕ್ಕೆ ಹೊರಡುವವರಿಗೆ ಅದು ತೊಂದರೆಯಲ್ಲ, ಮುಕ್ಕಾಲು ಗಂಟೆ ತಡವಾದವರಿಗೆ ತೊಂದರೆ.

8. ಇಳಿದ ಮೇಲೆ ಪ್ಲಾನ್ ಮುಚ್ಚಿ

ಎಟಿಸಿ ಇರುವ ನಿಲ್ದಾಣದಲ್ಲಿ ಇಳಿದರೆ ನೀವು ತಲುಪಿದ್ದು ಅವರಿಗೇ ಗೊತ್ತಾಗುತ್ತದೆ. ಎಟಿಸಿ ಇಲ್ಲದ ಏರ್‌ಸ್ಟ್ರಿಪ್‌ನಲ್ಲಿ ಇಳಿದರೆ ತಲುಪಿದ್ದನ್ನು ನೀವೇ ಆದಷ್ಟು ಬೇಗ ಹತ್ತಿರದ ಎಟಿಸಿಗೆ ತಿಳಿಸಬೇಕು. ಹೇಳಬೇಕಾದದ್ದು ವಿಮಾನದ ಗುರುತು, ಹೊರಟ ಜಾಗ, ಇಳಿದ ಜಾಗ, ಇಳಿದ ಸಮಯ. ಬೇರೆ ಕಡೆ ಇಳಿದಿದ್ದರೆ ಮೊದಲು ಹೋಗಬೇಕಿದ್ದ ಜಾಗವನ್ನೂ ಹೇಳಿ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿರಬಹುದು ಅನ್ನಿಸಿದರೆ ಇಳಿಯುವ ಸ್ವಲ್ಪ ಮುಂಚೆಯೇ ರೇಡಿಯೊದಲ್ಲಿ ಹೇಳಿ.

ಹೇಳದಿದ್ದರೆ ಏನಾಗುತ್ತದೆ? ನೀವು ಬರಬೇಕಿದ್ದ ಹೊತ್ತಿಗೆ 30 ನಿಮಿಷ ಮೀರಿದರೆ ಇನ್ಸರ್ಫಾ, ಅಂದರೆ ಅನುಮಾನದ ಹಂತ ಘೋಷಣೆಯಾಗುತ್ತದೆ. ಎಲ್ಲ ಕಡೆ ವಿಚಾರಿಸಿದರೂ ಸುದ್ದಿ ಇಲ್ಲದಿದ್ದರೆ ಅಲರ್ಫಾ, ಎಚ್ಚರದ ಹಂತ. ಇನ್ನೂ ಪತ್ತೆಯಿಲ್ಲ, ಇಂಧನ ಮುಗಿದಿರಬೇಕು ಅನ್ನಿಸಿದಾಗ ಡಿಟ್ರೆಸ್ಫಾ, ಆಪತ್ತಿನ ಹಂತ. ನೀವು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿರುವಾಗ ನಿಮಗಾಗಿ ಹುಡುಕುವ ವಿಮಾನ ಹೊರಡಬಹುದು, ಅದೇ ಹೊತ್ತಿಗೆ ನಿಜವಾಗಿ ಆಪತ್ತಿನಲ್ಲಿರುವವರಿಗೆ ಅದು ಬೇಕಿರಬಹುದು.

ಮತ್ತೆ ಮತ್ತೆ ಬರುವ ಮೂರು ಪ್ರಶ್ನೆಗಳು

ಒಂದೇ ನಿಲ್ದಾಣದಿಂದ ಹೊರಟು ಅಲ್ಲಿಗೇ ಬರುವ ಹಾರಾಟಕ್ಕೂ ಪ್ಲಾನ್ ಬೇಕಾ? ಎಟಿಸಿ ಇರುವ ನಿಲ್ದಾಣದಲ್ಲಿ ನಿಮ್ಮ ಹಾರಾಟದ ವಿವರ ಅವರ ಬಳಿ ಇರಲೇಬೇಕು. ಅದನ್ನು ಯಾವ ರೂಪದಲ್ಲಿ ಕೊಡಬೇಕು ಅನ್ನುವುದು ಆಯಾ ನಿಲ್ದಾಣದ ಸ್ಥಳೀಯ ವ್ಯವಸ್ಥೆ. ನಿಮ್ಮ ಇನ್‌ಸ್ಟ್ರಕ್ಟರ್ ಹೇಳಿದ್ದನ್ನು ಪಾಲಿಸಿ. ಫಾರ್ಮ್ ತುಂಬುವುದಾದರೆ ಐಟಂ 13 ಮತ್ತು 16ರಲ್ಲಿ ಒಂದೇ ಸಂಕೇತ ಬರುತ್ತದೆ, ಹೊತ್ತು ಮಾತ್ರ ಒಟ್ಟು ಹಾರಾಟದ್ದು.

ಹೋಗಿ ಇಳಿದು ವಾಪಸ್ ಬರಲು ಒಂದೇ ಪ್ಲಾನ್ ಸಾಕಾ? ಸಾಲದು. ಹುಬ್ಬಳ್ಳಿಯಲ್ಲಿ ಇಳಿದು ಎಂಜಿನ್ ನಿಲ್ಲಿಸಿದರೆ ಮೊದಲ ಪ್ಲಾನ್ ಅಲ್ಲಿಗೆ ಮುಗಿಯಿತು. ವಾಪಸ್ ಬರಲು ಬೇರೆ ಪ್ಲಾನ್, ಬೇರೆ ಎಡಿಸಿ. ಎರಡನ್ನೂ ಬೆಳಗಾವಿಯಲ್ಲೇ ಒಟ್ಟಿಗೆ ಕೊಟ್ಟು ಹೋಗಬಹುದು. ಆದರೆ ಎರಡನೆಯದರಲ್ಲಿ 'ಇ'ಯಲ್ಲಿ ಉಳಿದ ಇಂಧನದ ಹೊತ್ತನ್ನೇ ಬರೆಯಿರಿ, ಬೆಳಗಿನದನ್ನಲ್ಲ.

ಫೋನಿನ ಆ್ಯಪ್‌ಗಳಲ್ಲಿ ಬರುವ ನೋಟಮ್, ನಕ್ಷೆ ಸಾಕಾ? ತಯಾರಿಗೆ ಬಳಸಿ, ತೊಂದರೆಯಿಲ್ಲ. ಹೊರಡುವ ಮುಂಚಿನ ಕೊನೆಯ ಓದು ಮಾತ್ರ ಎಎಐ ಕೊಡುವ ಅಧಿಕೃತ ಬ್ರೀಫಿಂಗ್‌ನದೇ ಆಗಿರಲಿ. ಅದರ ಪ್ರಿಂಟ್ ಮೇಲೆ ಓದಿದ ಸಮಯ ಬರೆದು ನೀ-ಬೋರ್ಡ್‌ಗೆ ಸಿಕ್ಕಿಸಿಕೊಳ್ಳಿ. ಫೋನ್ ಚಾರ್ಜ್ ಮುಗಿದರೂ ಅದು ಕೈಯಲ್ಲಿರುತ್ತದೆ.